ಅಲೆ ಕಡಿಮೆ ಇರುವ ಕಡೆ ಬಂಡೆಗಳ ಮೇಲೆ ಇಷ್ಟೊಂದು ಕಂದು ಪಾಚಿ ಯಾಕೆ?

ಪ್ರಶ್ನೆ: ನಮ್ಮ ಊರು ಕುಮಟಾ, ಈಗ ಇರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ರಜೆಗೆ ಓಬನ್ ಹತ್ತಿರದ ಲಾಖ್ ಕ್ರೆರನ್‌ಗೆ ಹೋಗಿದ್ದೆವು. ಇಳಿತದ ಹೊತ್ತಿಗೆ ನೋಡಿದರೆ ದಡದ ಬಂಡೆಗಳೇ ಕಾಣುತ್ತಿರಲಿಲ್ಲ. ಅಷ್ಟು ದಪ್ಪಗೆ ಕಂದು ಪಾಚಿ, ಅದೂ ಪಟ್ಟಿ ಪಟ್ಟಿಯಾಗಿ. ಅದೇ ವಾರ ಟೈರೀ ದ್ವೀಪಕ್ಕೆ ಹೋದರೆ ಅಲ್ಲಿನ ಪಶ್ಚಿಮ ದಡದ ಬಂಡೆಗಳು ಹೆಚ್ಚುಕಡಿಮೆ ಬೋಳು. ಎರಡೂ ಒಂದೇ ಸಮುದ್ರ ಅಲ್ವಾ? ಕುಮಟಾದ ಬಂಡೆಗಳ ಮೇಲೂ ಇಂಥದ್ದನ್ನು ನೋಡಿದ ನೆನಪಿಲ್ಲ. ಮತ್ತೆ, ಆ ಪಾಚಿಯನ್ನು ಕಿತ್ತು ತಂದು ಹಿತ್ತಲಿನ ತೋಟಕ್ಕೆ ಗೊಬ್ಬರವಾಗಿ ಹಾಕಬಹುದಾ?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದು ಗೊತ್ತಾದರೆ ಉಳಿದೆರಡು ಸುಲಭ.

ಟೈರೀಯ ಪಶ್ಚಿಮ ದಡ ಅಟ್ಲಾಂಟಿಕ್ ಮಹಾಸಾಗರಕ್ಕೆ ನೇರವಾಗಿ ಮುಖ ಮಾಡಿದೆ. ಎಲ್ಲೋ ನಡುಗಡಲಿನಲ್ಲಿ ಹುಟ್ಟಿದ ಅಲೆ ಯಾವ ಅಡ್ಡಿಯೂ ಇಲ್ಲದೆ ಬಂದು ಬಡಿಯುತ್ತದೆ. ಲಾಖ್ ಕ್ರೆರನ್ ಹಾಗಲ್ಲ. ಅಲ್ಲಿ ಕಡಲು ಗುಡ್ಡಗಳ ನಡುವೆ ಒಳಗೆ ನುಗ್ಗಿ ನಿಂತಿದೆ. ಬಾಯಿ ಕಿರಿದು, ಅದಕ್ಕೂ ಅಡ್ಡವಾಗಿ ಎರಿಸ್ಕಾ ಅನ್ನುವ ಪುಟ್ಟ ದ್ವೀಪವಿದೆ. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಇಳಿಯುತ್ತದೆ, ಆದರೆ ಅಲೆಯ ಹೊಡೆತ ಇಲ್ಲ. ನೀವು ಕಂಡ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ.

ಅಲೆ ಪಾಚಿಯನ್ನು ಕಿತ್ತು ಹಾಕುತ್ತದೆ, ಅದಕ್ಕೇ ಟೈರೀ ಬೋಳು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಬೆಳೆದ ಕಂದು ಪಾಚಿ ಸುಲಭಕ್ಕೆ ಹರಿಯುವುದಿಲ್ಲ. ಎಳೆದು ನೋಡಿದ್ದರೆ ನಿಮಗೇ ಗೊತ್ತಾಗಿರುತ್ತದೆ. ಕೆಲ್ಪ್ ಜಾತಿಯ ಕೆಲವು ಪಾಚಿಗಳಂತೂ ಅಲೆ ಅಪ್ಪಳಿಸುವ ಕಡೆಯೇ ಚೆನ್ನಾಗಿ ಬೆಳೆಯುತ್ತವೆ. ನಿಜವಾದ ಕಷ್ಟ ಇರುವುದು ಪಾಚಿಯ ಬಾಲ್ಯದಲ್ಲಿ.

ಲಾಖ್ ಕ್ರೆರನ್‌ನಂಥ ದಡದಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಎಗ್ ರ‍್ಯಾಕ್ ಅನ್ನುವ ಪಾಚಿ. ವಿಜ್ಞಾನದ ಹೆಸರು ಆಸ್ಕೋಫಿಲಮ್ ನೊಡೋಸಮ್. ಉದ್ದನೆಯ ಆಲಿವ್ ಬಣ್ಣದ ಎಳೆಗಳು, ನಡುನಡುವೆ ಒಂದೊಂದೇ ಮೊಟ್ಟೆಯಾಕಾರದ ಗಾಳಿಗುಳ್ಳೆ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ವಸಂತದಲ್ಲಿ ಎಳೆಗಳ ಪಕ್ಕಕ್ಕೆ ಹಳದಿ ಮಿಶ್ರಿತ ಹಸಿರು ಬಣ್ಣದ, ಒಣದ್ರಾಕ್ಷಿ ಗಾತ್ರದ ಕಾಯಿಗಳು ಕಾಣಿಸಿಕೊಳ್ಳುತ್ತವೆ. ಅಂಡಾಣು ಮತ್ತು ವೀರ್ಯಾಣು ಅವುಗಳಿಂದ ನೀರಿಗೆ ಬಿಡುಗಡೆಯಾಗಿ, ನೀರಿನಲ್ಲೇ ಒಂದಕ್ಕೊಂದು ಸಿಗಬೇಕು. ಸಿಕ್ಕ ಮೇಲೆ ತಳಕ್ಕೆ ಇಳಿದು ಕಲ್ಲಿಗೆ ಅಂಟಿಕೊಳ್ಳಬೇಕು. ಅಂಟು ಗಟ್ಟಿಯಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಅಲೆ ಬಂದರೆ?

ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಆಗಷ್ಟೇ ಕಲ್ಲಿಗೆ ಕೂತ ಎಗ್ ರ‍್ಯಾಕ್ ಭ್ರೂಣಗಳ ಮೇಲೆ ಒಂದೇ ಒಂದು ಸಾಧಾರಣ ಅಲೆ ಹಾದುಹೋಗಲು ಬಿಟ್ಟರು. ನೂರಕ್ಕೆ 85ಕ್ಕಿಂತ ಜಾಸ್ತಿ ಭ್ರೂಣಗಳು ತೊಳೆದುಹೋದವು. ಬಿರುಗಾಳಿಯ ಅಲೆಯಲ್ಲ, ಸಣ್ಣ ಅಲೆ. ಟೈರೀಯ ದಡದಲ್ಲಿ ದಿನವಿಡೀ ಬಡಿಯುವ ಅಲೆಗಳ ಮುಂದೆ ಈ ಪಾಚಿಗೆ ಒಂದು ತಲೆಮಾರನ್ನು ನೆಲೆ ನಿಲ್ಲಿಸುವುದೂ ಕಷ್ಟ ಅಂತ ಇದರಿಂದಲೇ ಅರ್ಥವಾಗುತ್ತದೆ.

ಇದರ ಹತ್ತಿರದ ಬಳಗವಾದ ಫ್ಯೂಕಸ್ ಪಾಚಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ನೀರು ಕದಡುತ್ತಿದ್ದರೆ ಅವು ಅಂಡಾಣುಗಳನ್ನು ಬಿಡುವುದೇ ಇಲ್ಲ, ತಡೆದುಕೊಳ್ಳುತ್ತವೆ. ನೀರು ಶಾಂತವಾದಾಗ ಗಂಡು ಗಿಡ, ಹೆಣ್ಣು ಗಿಡ ಎರಡೂ ಒಟ್ಟಿಗೆ ಬಿಡುತ್ತವೆ. ಹಾಗಾಗಿ ಬಹುಪಾಲು ಅಂಡಾಣುಗಳು ಫಲಿಸುತ್ತವೆ. ಕಣ್ಣಿಲ್ಲ, ನರವಿಲ್ಲ, ಆದರೂ ನೀರಿನ ಓಡಾಟ ಅದಕ್ಕೆ ತಿಳಿಯುತ್ತದೆ. ನನಗಂತೂ ಕಡಲ ದಡದ ಬದುಕಿನಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಕಡಿಮೆ.

ಇನ್ನೊಂದು ಕಾರಣ ಲಿಂಪೆಟ್. ಟೈರೀಯ ಬಂಡೆ ಬೋಳು ಅಂದಿರಿ. ಹತ್ತಿರ ಕೂತು ನೋಡಿದ್ದರೆ ಅದು ಬೋಳಾಗಿರಲಿಲ್ಲ. ಬಿಳಿಯಾಗಿ ಕಾಣುವುದು ಬಾರ್ನಕಲ್, ಕಲ್ಲಿಗೆ ಸಿಮೆಂಟ್ ಹಾಕಿದಂತೆ ಅಂಟಿಕೊಂಡು ಬದುಕುವ ಪುಟ್ಟ ಪ್ರಾಣಿ. ಅದರ ನಡುವೆ ಅಲ್ಲಲ್ಲಿ ಶಂಕುವಿನಾಕಾರದ ಬೂದು ಚಿಪ್ಪು ಇದ್ದರೆ ಅದು ಲಿಂಪೆಟ್. ಅಲ್ಲಾಡದ ಕಲ್ಲಿನ ಹಾಗೆ ಕಂಡರೂ ನೀರು ಏರಿದಾಗ ಅದು ಓಡಾಡುತ್ತದೆ. ಗಡಸು ಹಲ್ಲಿನಿಂದ ಬಂಡೆಯ ಮೈಯನ್ನು ಕೆರೆದು, ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಮರಿಗಳನ್ನೆಲ್ಲ ತಿನ್ನುತ್ತದೆ. ಅಲೆ ಇರುವ ಕಡೆ ಲಿಂಪೆಟ್‌ಗಳ ಸಂಖ್ಯೆ ಜಾಸ್ತಿ. ಅಲೆಯ ಹೊಡೆತ ತಪ್ಪಿಸಿಕೊಂಡು ಕೂತ ಒಂದೆರಡು ಮರಿಗಳೂ ಅವುಗಳ ಬಾಯಿಗೆ ಹೋಗುತ್ತವೆ.

ಇದು ಊಹೆಯಲ್ಲ. 1940ರ ದಶಕದಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಎನ್. ಎಸ್. ಜೋನ್ಸ್ ಅನ್ನುವ ವಿಜ್ಞಾನಿ ದಡದ ಒಂದು ಅಗಲವಾದ ಪಟ್ಟಿಯಿಂದ ಲಿಂಪೆಟ್‌ಗಳನ್ನೆಲ್ಲ ತೆಗೆಸಿದರು. ಬೇರೇನೂ ಮಾಡಲಿಲ್ಲ. ಮೊದಲು ಹಸಿರು ಪಾಚಿ ಬಂತು, ಆಮೇಲೆ ಕಂದು ಫ್ಯೂಕಸ್ ದಟ್ಟವಾಗಿ ಬೆಳೆಯಿತು. ಎಡಬಲದ ಬಂಡೆ ಹಾಗೇ ಇತ್ತು.

ಇದೇ ಪ್ರಯೋಗ ದುರಂತದ ರೂಪದಲ್ಲಿ ಮತ್ತೊಮ್ಮೆ ನಡೆಯಿತು. 1967ರ ಮಾರ್ಚ್‌ನಲ್ಲಿ ಟೊರಿ ಕ್ಯಾನಿಯನ್ ಅನ್ನುವ ತೈಲ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಬಡಿಯಿತು. ಅದರಲ್ಲಿ ಲಕ್ಷ ಟನ್‌ಗೂ ಜಾಸ್ತಿ ಕಚ್ಚಾ ಎಣ್ಣೆ ಇತ್ತು. ದಡಕ್ಕೆ ಬಂದ ಎಣ್ಣೆಯನ್ನು ತೊಳೆಯಲು ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಎಣ್ಣೆಗಿಂತ ಆ ಡಿಟರ್ಜೆಂಟೇ ಜಾಸ್ತಿ ವಿಷವಾಯಿತು. ಲಿಂಪೆಟ್‌ಗಳು ರಾಶಿರಾಶಿಯಾಗಿ ಸತ್ತವು. ಅಲೆ ಬಡಿಯುವ ಆ ದಡಗಳು ಮೊದಲು ಹಸಿರಾದವು, ಆಮೇಲೆ ಕಂದು ಪಾಚಿಯಿಂದ ಮುಚ್ಚಿಹೋದವು. ಕೆಲವು ಕಡೆ ಮೊದಲಿನ ಸ್ಥಿತಿಗೆ ಬರಲು ಹತ್ತು ಹದಿನೈದು ವರ್ಷ ಹಿಡಿಯಿತು. ಅಲೆ ಮೊದಲಿನಷ್ಟೇ ಇತ್ತು, ಲಿಂಪೆಟ್ ಇರಲಿಲ್ಲ ಅಷ್ಟೇ. ಅಲೆಯೊಂದೇ ಕಾರಣ ಅನ್ನುವವರಿಗೆ ನಾನು ಯಾವಾಗಲೂ ಈ ಘಟನೆಯನ್ನೇ ಹೇಳುತ್ತೇನೆ.

ಶಾಂತ ನೀರಿನಲ್ಲಿ ಆಟ ತಿರುಗಾಮುರುಗಾ. ಒಮ್ಮೆ ಪಾಚಿ ದಟ್ಟವಾಗಿ ಬೆಳೆದರೆ ಅದರ ಎಳೆಗಳು ನೀರಿನ ಏರಿಳಿತಕ್ಕೆ ಬಂಡೆಯ ಮೈ ಸವರುತ್ತಲೇ ಇರುತ್ತವೆ. ಕೂರಲು ಬಂದ ಬಾರ್ನಕಲ್ ಮರಿಗಳು ಗುಡಿಸಿಹೋಗುತ್ತವೆ. ನೀರಿನಲ್ಲಿ ತೇಲಿ ಬರುವ ಆಹಾರವನ್ನೇ ನಂಬಿದ ಬಾರ್ನಕಲ್‌ಗೆ ನೀರು ನಿಂತ ಜಾಗ ಅಷ್ಟಾಗಿ ಒಗ್ಗುವುದೂ ಇಲ್ಲ. ಬಂಡೆಯ ಮೇಲೆ ಕೂರುವ ಹೂಳು ಲಿಂಪೆಟ್‌ಗೆ ತೊಂದರೆ. ಹೀಗೆ ಪಾಚಿ ಗೆದ್ದ ಕಡೆ ಗೆಲ್ಲುತ್ತಲೇ ಹೋಗುತ್ತದೆ. ಅಲೆ ತೀರಾ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ ಅನ್ನುವ ದಡಗಳಲ್ಲಿ ಪಾಚಿಯ ತೇಪೆ, ಬಾರ್ನಕಲ್ ತೇಪೆ ಅಕ್ಕಪಕ್ಕದಲ್ಲಿರುತ್ತವೆ, ವರ್ಷದಿಂದ ವರ್ಷಕ್ಕೆ ಜಾಗ ಬದಲಾಯಿಸುತ್ತವೆ.

ಬಿಲ್ ಬ್ಯಾಲಂಟೈನ್ ಎಂಬ ವಿಜ್ಞಾನಿ 1961ರಲ್ಲಿ ವೇಲ್ಸ್‌ನ ಪೆಂಬ್ರೋಕ್‌ಷೈರ್ ದಡಗಳನ್ನು ನೋಡಿ ಒಂದು ಅಳತೆ ಮಾಡಿಕೊಟ್ಟರು. ಯಾವ ಯಂತ್ರವೂ ಬೇಡ. ಬಂಡೆ ಮೇಲೆ ಯಾರ್ಯಾರು ಎಷ್ಟೆಷ್ಟು ಇದ್ದಾರೆ ಅಂತ ನೋಡಿ ಆ ದಡಕ್ಕೆ ಎಷ್ಟು ಅಲೆ ಬಡಿಯುತ್ತದೆ ಅಂತ ಎಂಟು ದರ್ಜೆಯಲ್ಲಿ ಹೇಳಬಹುದು. ನೀವೂ ಒಂದು ಸುಲಭದ ಗುರುತು ನೋಡಿ. ಉಬ್ಬರದ ಗೆರೆಗಿಂತ ಮೇಲೆ, ಕಲ್ಲಿಗೆ ಟಾರ್ ಬಳಿದಂತೆ ಒಂದು ಕಪ್ಪು ಪಟ್ಟಿ ಇರುತ್ತದೆ. ಅದು ಎಣ್ಣೆಯಲ್ಲ, ಕಲ್ಲುಹೂವಿನ ಜಾತಿ. ಅಲೆ ಎಷ್ಟು ಎತ್ತರ ಚಿಮ್ಮುತ್ತದೋ ಅಷ್ಟು ಅಗಲ ಈ ಪಟ್ಟಿ. ತೆರೆದ ದಡದಲ್ಲಿ ಅದು ಹಲವು ಮೀಟರ್ ಎತ್ತರಕ್ಕೆ ಹೋಗಬಹುದು, ಲಾಖ್ ಕ್ರೆರನ್‌ನಂಥ ಕಡೆ ಕಿರಿದಾಗಿರುತ್ತದೆ.

ಈಗ ನೀವು ಹೇಳಿದ ಪಟ್ಟಿಗಳ ವಿಷಯ. ಆ ಕಪ್ಪು ಪಟ್ಟಿಯ ಕೆಳಗೆ ಮೊದಲು ಸಿಗುವುದು ಚಾನೆಲ್ ರ‍್ಯಾಕ್, ಗೇಣುದ್ದದ ಪುಟ್ಟ ಪಾಚಿ. ಎಳೆ ಅಂಚಿನಲ್ಲಿ ಒಳಕ್ಕೆ ಮಡಚಿ, ನಮ್ಮ ಕಡೆ ನೀರು ಹಾಯಿಸುವ ಅಡಿಕೆ ದಬ್ಬೆಯ ಹಾಗೆ ಕಾಣುತ್ತದೆ. ಆ ದಬ್ಬೆಯಲ್ಲಿ ಸ್ವಲ್ಪ ತೇವ ನಿಲ್ಲುತ್ತದೆ. ಒಣಗಿ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತದೆ ಅನಿಸಿದರೂ ಸತ್ತಿರುವುದಿಲ್ಲ. ಕೆಲವು ದಿನ ನೀರು ತಾಕದಿದ್ದರೂ ತಡೆದುಕೊಂಡು, ಮತ್ತೆ ನೀರು ಬಂದ ಕೂಡಲೇ ಚೇತರಿಸಿಕೊಳ್ಳುತ್ತದೆ. ವಿಚಿತ್ರ ಅಂದರೆ ಇದನ್ನು ತೀರಾ ಹೊತ್ತು ನೀರಿನಲ್ಲೇ ಮುಳುಗಿಸಿಟ್ಟರೆ ಕೊಳೆಯುತ್ತದೆ. ಅದರ ಕೆಳಗೆ ಸ್ಪೈರಲ್ ರ‍್ಯಾಕ್‌ನ ಸಣ್ಣ ಪಟ್ಟಿ. ಆಮೇಲೆ ದಡದ ನಡುಭಾಗದ ತುಂಬ ಎಗ್ ರ‍್ಯಾಕ್, ಜೊತೆಗೆ ಅಲ್ಲಲ್ಲಿ ಬ್ಲ್ಯಾಡರ್ ರ‍್ಯಾಕ್. ಇವೆರಡನ್ನು ಬೇರೆ ಮಾಡುವುದು ಸುಲಭ. ಬ್ಲ್ಯಾಡರ್ ರ‍್ಯಾಕ್‌ನಲ್ಲಿ ಗಾಳಿಗುಳ್ಳೆಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ, ಎಳೆಯ ನಡುವೆ ಒಂದು ನರ ಇರುತ್ತದೆ. ಎಗ್ ರ‍್ಯಾಕ್‌ಗೆ ಆ ನರ ಇಲ್ಲ. ಇನ್ನೂ ಕೆಳಗೆ ಗರಗಸದಂಥ ಅಂಚಿನ ಸೆರೇಟೆಡ್ ರ‍್ಯಾಕ್. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಮಾತ್ರ ಹೊರಗೆ ಕಾಣುವ ತಳದಲ್ಲಿ ಕೆಲ್ಪ್.

ಯಾಕೆ ಈ ಕ್ರಮ? ಇದಕ್ಕೆ ಉತ್ತರ ನಿಮ್ಮ ಗ್ಲಾಸ್ಗೋ ಪಕ್ಕದಲ್ಲೇ ಸಿಕ್ಕಿದ್ದು. 1970ರ ದಶಕದಲ್ಲಿ ಶಾನ್‌ಬೆಕ್ ಮತ್ತು ನಾರ್ಟನ್ ಎಂಬ ಇಬ್ಬರು ಕ್ಲೈಡ್ ಕೊಲ್ಲಿಯ ಕಂಬ್ರೆ ದ್ವೀಪದಲ್ಲಿ ಈ ಪಟ್ಟಿಗಳನ್ನು ಗಮನಿಸುತ್ತಿದ್ದರು. ಉಬ್ಬರ ಸಣ್ಣದಿರುವ ದಿನಗಳಲ್ಲಿ ಬಿಸಿಲೂ ಜೋರಾಗಿ ಬಿದ್ದರೆ, ಕೆಲವು ವಾರಗಳಲ್ಲಿ ಪ್ರತಿ ಪಟ್ಟಿಯ ಮೇಲಂಚು ಸತ್ತು ಕೆಳಗೆ ಸರಿಯುತ್ತಿತ್ತು. ಅಂದರೆ ಮೇಲಿನ ಗಡಿ ಹಾಕುವುದು ಒಣಗುವಿಕೆ. ಕೆಳಗಿನ ಗಡಿಯ ಕತೆ ಬೇರೆ. ಸ್ಪೈರಲ್ ರ‍್ಯಾಕ್ ತೆಗೆದು ನೋಡಿದರೆ ಚಾನೆಲ್ ರ‍್ಯಾಕ್ ಆ ಜಾಗಕ್ಕೂ ಇಳಿದು ಬೆಳೆಯಿತು. ಕೆಳಗೆ ಅದು ಬದುಕಬಲ್ಲದು, ಆದರೆ ಬೇಗ ಬೆಳೆಯುವ ಪಕ್ಕದವರು ಬಿಸಿಲು ಮುಚ್ಚಿ ಬಿಡುತ್ತಾರೆ. ಮೇಲೆ ಹೋದಷ್ಟೂ ಒಣಗುವ ಕಷ್ಟ, ಕೆಳಗೆ ಬಂದಷ್ಟೂ ಪೈಪೋಟಿಯ ಕಷ್ಟ.

ಮುಂದಿನ ಸಲ ಹೋದಾಗ ಎಗ್ ರ‍್ಯಾಕ್‌ನ ಒಂದು ಉದ್ದ ಎಳೆ ಹಿಡಿದು ಗುಳ್ಳೆಗಳನ್ನು ಎಣಿಸಿ. ಮೊದಲ ಕೆಲವು ವರ್ಷ ಬಿಟ್ಟರೆ, ಎಳೆಗೆ ವರ್ಷಕ್ಕೊಂದು ಗುಳ್ಳೆ. ಎಂಟು ಗುಳ್ಳೆ ಇದ್ದರೆ ಆ ಎಳೆಗೆ ಹತ್ತು ವರ್ಷದ ಆಸುಪಾಸು. ಅದು ಎಳೆಯ ವಯಸ್ಸು ಮಾತ್ರ. ಕಲ್ಲಿಗೆ ಕಚ್ಚಿಕೊಂಡ ಬುಡ ಇನ್ನೂ ಹಳೆಯದು, ಹಲವು ದಶಕ ಇರಬಹುದು. ಹಳೆಯ ಎಳೆ ಹೋದರೆ ಅದೇ ಬುಡದಿಂದ ಹೊಸದು ಚಿಗುರುತ್ತದೆ. ಮರಿಗಳು ಬದುಕುವುದೇ ಅಪರೂಪವಾದ್ದರಿಂದ ಈ ಪಾಚಿ ಬುಡದ ದೀರ್ಘಾಯುಷ್ಯವನ್ನೇ ನಂಬಿದೆ.

ಎಳೆಗಳ ಮೇಲೆ ಕಡುಗೆಂಪು ಬಣ್ಣದ ಸಣ್ಣ ಪೊದೆಗಳು ಕಂಡರೆ ಅದು ಬೇರೆಯೇ ಒಂದು ಪಾಚಿ, ಹೆಚ್ಚಾಗಿ ಎಗ್ ರ‍್ಯಾಕ್ ಮೇಲೆ ಬಿಟ್ಟರೆ ಮತ್ತೆಲ್ಲೂ ಬೆಳೆಯುವುದಿಲ್ಲ. ಗುಳ್ಳೆಗಳ ನಡುವೆ ಅದೇ ಗಾತ್ರದ, ಅದೇ ಬಣ್ಣದ ನುಣುಪಾದ ಶಂಖದ ಹುಳುಗಳೂ ಇರುತ್ತವೆ, ಫ್ಲಾಟ್ ಪೆರಿವಿಂಕಲ್ ಅಂತ. ಏಡಿ, ಮೀನುಗಳ ಕಣ್ಣು ತಪ್ಪಿಸಲು ಆ ವೇಷ. ಒಂದು ಗೊಂಚಲನ್ನು ಮೆಲ್ಲಗೆ ಎತ್ತಿ ನೋಡಿ. ಮೇಲೆ ಬಿಸಿಲಿಗೆ ಪಾಚಿ ಒಣಗುತ್ತಿದ್ದರೂ ಕೆಳಗೆ ಕಲ್ಲು ಒದ್ದೆ, ತಣ್ಣಗೆ. ಹಸಿರು ಏಡಿ, ಕೆಂಪು ಕಡಲಹೂವು, ಶಂಖದ ಹುಳುಗಳು ಮೊಟ್ಟೆಯಿಟ್ಟ ಅಂಟಿನ ಮುದ್ದೆ, ಎಲ್ಲ ಅಲ್ಲೇ. ನೋಡಿದ ಮೇಲೆ ಗೊಂಚಲನ್ನು ಇದ್ದ ಹಾಗೇ ಮುಚ್ಚಿಬಿಡಿ. ಇಳಿತದ ಹೊತ್ತಿನಲ್ಲಿ ಅವುಗಳಿಗೆ ಅದೇ ಸೂರು.

ಇನ್ನು ಕುಮಟಾ. ಎಗ್ ರ‍್ಯಾಕ್, ಫ್ಯೂಕಸ್ ಎಲ್ಲ ತಣ್ಣೀರಿನ ಪಾಚಿಗಳು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ನೀರು ವರ್ಷದಲ್ಲಿ ಸುಮಾರು 7ರಿಂದ 14 ಡಿಗ್ರಿಯೊಳಗೆ ಇರುತ್ತದೆ. ನಮ್ಮಲ್ಲಿ 26ರಿಂದ 30 ಡಿಗ್ರಿ. ಅದಕ್ಕೂ ಜಾಸ್ತಿ ತೊಂದರೆ ಬಿಸಿಲಿನದ್ದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವನ್ನಳ್ಳಿ ಕಡೆಯ ಬಂಡೆಗೆ ಬರಿಗಾಲಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕಲ್ಲಿನ ಮೇಲೆ ಮೆತ್ತನೆಯ ಪಾಚಿ ಗಂಟೆಗಟ್ಟಲೆ ಹೊರಗೆ ಬಿದ್ದಿರಲು ಆಗುವುದಿಲ್ಲ. ಜೊತೆಗೆ ಬಿಸಿನೀರಿನ ಕಡಲಿನಲ್ಲಿ ಪಾಚಿ ತಿನ್ನುವ ಮೀನು, ಏಡಿ, ಶಂಖದ ಹುಳುಗಳ ಕಾಟ ಜಾಸ್ತಿ.

ಹಾಗಂತ ನಮ್ಮಲ್ಲಿ ಪಾಚಿಯೇ ಇಲ್ಲ ಅಂದುಕೊಳ್ಳಬೇಡಿ. ನಮ್ಮದು ವರ್ಷಪೂರ್ತಿಯ ಕಾಡಲ್ಲ, ಋತುವಿನ ಬೆಳೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ನವೆಂಬರ್‌ನಿಂದ ಫೆಬ್ರವರಿ ಒಳಗೆ, ದೊಡ್ಡ ಇಳಿತದ ದಿನ ಬಂಡೆಗಳ ತಳಭಾಗಕ್ಕೆ ಹೋಗಿ ನೋಡಿ. ಸರ್ಗಾಸಮ್ ಸಿಗುತ್ತದೆ. ಪುಟ್ಟ ಪುಟ್ಟ ಗಾಳಿಗುಳ್ಳೆ ಇರುವ ಕಂದು ಪಾಚಿ, ನೀವು ಸ್ಕಾಟ್ಲೆಂಡಿನಲ್ಲಿ ನೋಡಿದ್ದರ ದೂರದ ದಾಯಾದಿ. ಜೊತೆಗೆ ಬೀಸಣಿಗೆಯಾಕಾರದ ಪಡೈನಾ, ತೆಳ್ಳನೆಯ ಹಸಿರು ಉಲ್ವಾ. ಜೋರು ಮಳೆಯ ತಿಂಗಳಲ್ಲಿ ಮಾತ್ರ ಬಂಡೆಗಳ ಮೇಲ್ಭಾಗದಲ್ಲಿ ಕಾಣಿಸುವ ನೇರಳೆ ಬಣ್ಣದ ತೆಳು ಹಾಳೆಯಂಥ ಪಾಚಿಯೂ ಒಂದಿದೆ. ಜಪಾನಿನವರು ಅನ್ನಕ್ಕೆ ಸುತ್ತುವ ನೋರಿಯ ಬಳಗದ್ದು. ಮೋಡ, ಮಳೆ ಇರುವ ಆ ಒಂದೆರಡು ತಿಂಗಳೇ ಅದಕ್ಕೆ ಬಂಡೆಯ ಮೇಲೆ ಒಣಗದೆ ಇರಲು ಸಾಧ್ಯ.

ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯ ಅನಿಸುತ್ತದೆ. ಅಲೆ ಇಲ್ಲದ ಕಡಲು ನಮ್ಮಲ್ಲೂ ಇದೆ. ಕುಮಟಾ ಪಕ್ಕದ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. ಆದರೆ ನಮ್ಮ ಶಾಂತ ನೀರು ಎಂದರೆ ಹೊಳೆಯ ಬಾಯಿ. ಮಳೆಗಾಲದ ಹೊಳೆ ಘಟ್ಟದ ಮಣ್ಣು ತಂದು ಸುರಿಯುತ್ತದೆ, ಬಂಡೆ ಹೂಳಿನಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿ ನೆಲೆ ನಿಲ್ಲುವುದು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ, ಕೆಸರಿನಲ್ಲಿ ಬಳಚು ಅನ್ನುವ ಚಿಪ್ಪಿನ ಜೀವಿ. ಸ್ಕಾಟ್ಲೆಂಡಿನ ಒಳಗಡಲುಗಳನ್ನು ಕೊರೆದದ್ದು ಹಿಮನದಿ. ಮಣ್ಣು ಕೆರೆದು ತೆಗೆದು, ಬಂಡೆಯನ್ನು ಬಿಟ್ಟು ಹೋಯಿತು. ಶಾಂತ ನೀರೂ, ಗಟ್ಟಿ ಬಂಡೆಯೂ, ತಣ್ಣನೆ ಹವೆಯೂ ಒಟ್ಟಿಗೆ ಸಿಗುವ ಜಾಗ ನಮ್ಮ ಕರಾವಳಿಯಲ್ಲಿ ಇಲ್ಲ. ಕಾಂಡ್ಲಾ ನಮ್ಮಲ್ಲಿ ಮಾಡುವ ಕೆಲಸ, ಅಂದರೆ ಮರಿಗಳಿಗೆ ಆಸರೆ, ನೆರಳು, ಕೊಳೆತು ಊಟವಾಗುವುದು, ಅಲ್ಲಿ ಬಹುಮಟ್ಟಿಗೆ ಈ ಕಂದು ಪಾಚಿಗಳ ಪಾಲಿಗೆ ಬಂದಿದೆ.

ಕೊನೆಗೆ ಗೊಬ್ಬರ. ಹಾಕಬಹುದು, ಆದರೆ ಬಂಡೆಯಿಂದ ಕೀಳಬೇಡಿ. ಐಲ್ ಆಫ್ ಮ್ಯಾನ್‌ನಲ್ಲೇ ಪ್ರಯೋಗಕ್ಕೆಂದು ಎಗ್ ರ‍್ಯಾಕ್ ತೆಗೆದ ಜಾಗಗಳನ್ನು ಹನ್ನೆರಡು ವರ್ಷ ಬಿಟ್ಟು ನೋಡಿದಾಗಲೂ ಅದು ಮೊದಲಿನಷ್ಟು ಮರಳಿರಲಿಲ್ಲ. ಆ ಜಾಗವನ್ನು ಫ್ಯೂಕಸ್ ಪಾಚಿಗಳು ಹಿಡಿದಿದ್ದವು, ಲಿಂಪೆಟ್‌ಗಳೂ ಜಾಸ್ತಿಯಾಗಿದ್ದವು. ಐರ್ಲೆಂಡಿನ ಕಾನಮಾರಾದಲ್ಲಿ, ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ಇದನ್ನು ಕೊಯ್ದು ಮಾರುವವರಿದ್ದಾರೆ. ಬುಡ ಬಿಟ್ಟು ಮೇಲಿನ ಎಳೆ ಮಾತ್ರ ಕತ್ತರಿಸಿ, ಆ ಜಾಗಕ್ಕೆ ಕೆಲವು ವರ್ಷ ಬಿಡುವು ಕೊಟ್ಟರೆ ಅದು ನಡೆಯುತ್ತದೆ. ನಮ್ಮ ಊರಿನ ಗೊಬ್ಬರದಂಗಡಿಯಲ್ಲಿ ಸಿಗುವ ಸೀವೀಡ್ ಎಕ್ಸ್‌ಟ್ರಾಕ್ಟ್ ಬಾಟಲಿಗಳ ಹಿಂದೆ ಓದಿ ನೋಡಿ, ಎಷ್ಟೋ ಬಾಟಲಿಗಳ ಮೇಲೆ ಇದೇ ಆಸ್ಕೋಫಿಲಮ್ ಹೆಸರು ಇರುತ್ತದೆ. ಮನೆಬಳಕೆಗೆ ಬುಡಸಮೇತ ಎಳೆದು ತರುವುದು ಮಾತ್ರ ಬೇಡವೇ ಬೇಡ.

ಬಿರುಗಾಳಿಯ ನಂತರ ದಡಕ್ಕೆ ಬಂದು ಬಿದ್ದ ಪಾಚಿ ತನ್ನಿ. ಹೆಬ್ರಿಡೀಸ್‌ನ ರೈತರು ತಲೆತಲಾಂತರದಿಂದ ಆಲೂಗಡ್ಡೆ, ಬಾರ್ಲಿ ಬೆಳೆಗೆ ಹಾಕುತ್ತ ಬಂದಿರುವುದು ಅದನ್ನೇ. ಜಾಗದ ಮಾಲೀಕರು ಯಾರು ಅಂತ ಕೇಳಿ ಒಪ್ಪಿಗೆ ತಗೊಳ್ಳಿ. ಒಂದೆರಡು ಚೀಲ ಸಾಕು, ರಾಶಿಯನ್ನೆಲ್ಲ ಬಾಚಬೇಡಿ, ಅದರಲ್ಲಿ ಹುಳಹುಪ್ಪಟೆ ಇರುತ್ತವೆ, ಹಕ್ಕಿಗಳಿಗೆ ಅದೇ ಊಟ. ನಡುವೆ ಸಿಕ್ಕಿಕೊಂಡ ಬಲೆಯ ಚೂರು, ಪ್ಲಾಸ್ಟಿಕ್ ಹಗ್ಗ ಆರಿಸಿ ತೆಗೆಯಿರಿ. ಶರತ್ಕಾಲದಲ್ಲಿ ಖಾಲಿ ಮಡಿಯ ಮೇಲೆ ಹರಡಿದರೆ ಚಳಿಗಾಲದ ಮಳೆಗೆ ಉಪ್ಪು ತೊಳೆದುಹೋಗುತ್ತದೆ. ಇಲ್ಲವೇ ಒಣ ಎಲೆಯ ಜೊತೆ ಕಾಂಪೋಸ್ಟ್ ಗುಂಡಿಗೆ ಹಾಕಿ. ಇದರಲ್ಲಿ ಪೊಟ್ಯಾಷ್ ಚೆನ್ನಾಗಿದೆ, ರಂಜಕ ಕಡಿಮೆ. ಹಾಗಾಗಿ ಹಟ್ಟಿಗೊಬ್ಬರ ಸಿಕ್ಕರೆ ಅದನ್ನೂ ಸ್ವಲ್ಪ ಸೇರಿಸಿ.